ನನ್ನ ತಂಗಿಯ ಮಗನ ಉಸಿರಿಗೆ ಕೂಗಿಕೊಂಡ ಊದುಯಂತ್ರಕ್ಕೆ

ಬರ್ ದುಬೈ, ಮಾರ್ಚ್ 2003

ಅಲ್ ಐನಿನ ಕಾಲೇಜೊಂದರ ಹಾಸ್ಟೆಲ್ ಆಫೀಸಿನಲ್ಲಿ, ಸ್ಟೇಪ್ಲರಿಗೂ ಟೆಲಿಫೋನಿಗೂ ನಡುವೆ ವಿರಾಜಮಾನರಾಗಿ, ಉಸಿರು ನೋಡಿಯೇ ಕುಡಿದವರನ್ನು ಹಿಡಿಯುವ ಮಾನ್ಯ ಊದುಯಂತ್ರದವರೇ,

ತಮಗೆ ನಮಸ್ಕಾರ, ಸಲಾಂ, ಮತ್ತು ವರ್ಷವಿಡೀ ಇಳಿಯದ ಬ್ಯಾಟರಿ ಪ್ರಾಪ್ತವಾಗಲೆಂಬ ಹಾರೈಕೆ. ನಾನು ಸೇಸಪ್ಪ. ಬೆಳ್ತಂಗಡಿ ಕಡೆಯವನು, ಇಲ್ಲಿಯ ಜವಳಿ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಹರಿಯುತ್ತಿರುವವನು. ಓದಿದ್ದು ಏಳನೆಯ ಕ್ಲಾಸಾದರೂ ನಮ್ಮೂರಿನ ಅರ್ಧ ಅರ್ಜಿಗಳನ್ನು ಬರೆದುಕೊಟ್ಟವನು ನಾನೇ, ಉಳಿದರ್ಧವನ್ನು ತಿದ್ದಿದವನೂ ನಾನೇ. ಬಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿ ಅದರಲ್ಲಿ ಹತ್ತಿ ಎಷ್ಟು, ಪಾಲಿಸ್ಟರ್ ಎಷ್ಟು ಎಂದು ಹೇಳಬಲ್ಲೆ. ಆದ್ದರಿಂದ ಪರೀಕ್ಷೆ ಮಾಡುವ ಕೆಲಸದಲ್ಲಿ ನಾವಿಬ್ಬರೂ ಒಂದೇ ಇಲಾಖೆಯವರೆಂದು ಭಾವಿಸಿ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಕಳೆದ ಶನಿವಾರ ಬೆಳಿಗ್ಗೆ ತಮ್ಮ ಮುಂದೆ ನಿಂತು ಊದಿದ ಇಬ್ಬರು ಹತ್ತೊಂಬತ್ತರ ಹುಡುಗರನ್ನು ತಾವು ಮರೆತಿರಲಾರಿರಿ. ಒಬ್ಬ ಸುಶಾಂತ್, ನನ್ನ ತಂಗಿ ಲೋಲಾಕ್ಷಿಯ ಮಗ. ಇನ್ನೊಬ್ಬ ಅವನ ರೂಮಿನ ದೀಪಕ, ಅಬುಧಾಬಿಯ ಎಂಜಿನಿಯರ್ ರೇವಣಸಿದ್ದಪ್ಪನವರ ಮಗ. ರಜೆಯ ಎರಡು ದಿನ ನನ್ನಲ್ಲಿಗೆ ಬಂದು ಮಟನ್ ಬಿರಿಯಾನಿಯನ್ನು ನಾಳೆಯೇ ಇಲ್ಲವೆಂಬಂತೆ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದ ಇವರಿಗೆ, ನಮ್ಮೂರ ಪಂಡಿತರ ಅರಿಷ್ಟದ ಒಂದು ಬಾಟಲಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಎರಡೆರಡು ಮುಚ್ಚಳ ಕುಡಿಯಿರೆಂದು ಕಳಿಸಿದವನು ನಾನು. ಬೇರು, ತೊಗಟೆ, ಬೆಲ್ಲಗಳನ್ನು ಭರಣಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಆ ಮದ್ದಿನಲ್ಲಿ ಸ್ವಲ್ಪ ಮದ್ಯದ ಅಂಶ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಅದು ಮದ್ದಿನ ಸ್ವಭಾವ, ಹುಡುಗರದ್ದಲ್ಲ.

ಬಾಟಲಿಯ ವಿಷಯಕ್ಕೆ ಬರುತ್ತೇನೆ. ಅದು ಬ್ರಾಂದಿಯ ಬಾಟಲಿ ಎಂಬುದು ನಿಜ, ಅದರ ಮೇಲೆ ಕಿರೀಟವಿಟ್ಟ ರಾಜನೊಬ್ಬನ ಚಿತ್ರ ಇದ್ದದ್ದೂ ನಿಜ. ಆದರೆ ನಮ್ಮ ಕಡೆ ಜೇನು, ತುಪ್ಪ, ತೆಂಗಿನೆಣ್ಣೆ, ಬಾಣಂತಿಯ ಕಷಾಯ ಎಲ್ಲವೂ ಮನೆಮನೆಗೆ ಬರುವುದು ಬ್ರಾಂದಿ ಬಾಟಲಿಯಲ್ಲಿಯೇ ಎಂಬುದನ್ನು, ಅದರಷ್ಟು ಗಟ್ಟಿ ಮುಚ್ಚಳ ಬೇರಾವ ಬಾಟಲಿಗೂ ಇಲ್ಲವೆಂಬುದನ್ನು ತಮ್ಮನ್ನು ತಯಾರಿಸಿದ ಕಂಪನಿ ತಮಗೆ ತಿಳಿಸಬೇಕಿತ್ತು. ವಿಮಾನ ನಿಲ್ದಾಣದ ಕಸ್ಟಮ್ಸಿನವರು ಮುಚ್ಚಳ ತೆಗೆದು, ಒಮ್ಮೆ ಮೂಸಿ, ಮೂರು ಹೆಜ್ಜೆ ಹಿಂದೆ ಸರಿದು, "ಯಲ್ಲಾ, ಯಲ್ಲಾ" ಎಂದು ಕೈಬೀಸಿ ಕಳಿಸಿದ್ದರು. ಆ ಮೂಗಿಗಿದ್ದ ವಿವೇಕವನ್ನು ತಮ್ಮಿಂದ ನಿರೀಕ್ಷಿಸಿದ್ದು ನನ್ನದೇ ತಪ್ಪು.

ಹುಡುಗರು ಮದ್ದು ನುಂಗಿ ಬಾಯಿ ಒರೆಸಿಕೊಳ್ಳುತ್ತಿರುವಾಗಲೇ ವಾರ್ಡನ್ ಸಾಹೇಬರು ರೂಮು ತಪಾಸಣೆಗೆ ಬಂದರಂತೆ, ರಾಜನ ಚಿತ್ರ ಕಂಡರಂತೆ, ಇಬ್ಬರನ್ನೂ ತಮ್ಮ ಸನ್ನಿಧಿಗೆ ಕರೆತಂದರಂತೆ. ತಾವು ಆಗ ಎಷ್ಟು ಸೊಗಸಾಗಿ ಕೂಗಿದಿರೆಂದರೆ ಎರಡನೆಯ ಮಹಡಿಯ ಹುಡುಗರು ಬೆಂಕಿ ಬಿತ್ತೆಂದು ಕೆಳಗೆ ಓಡಿಬಂದರೆಂದು ಕೇಳಿ ನನಗೆ ಹೆಮ್ಮೆಯೇ ಆಯಿತು. ಇಪ್ಪತ್ತೊಂದು ತುಂಬದವರು ಮದ್ಯ ಸೇವಿಸಿದ್ದಾರೆಂಬ ದೂರು ಹತ್ತು ನಿಮಿಷದಲ್ಲಿ ಟೈಪಾಗಿ ಬಂತು.

ದೂರಿನ ಜತೆಗೆ ಹುಡುಗರಿಗಿರುವ ಕಾನೂನಿನ ದಾರಿಗಳ ಕಾಗದವನ್ನೂ ಕೊಟ್ಟಿದ್ದರು, ಅದಕ್ಕೆ ನಾನು ಕೃತಜ್ಞ. ತಪ್ಪಾಯಿತೆಂದು ಸಹಿ ಹಾಕಿದರೆ ಒಂದು ಸೆಮಿಸ್ಟರ್ ಅಮಾನತು. ಅಮಾನತಾದರೆ ವಿದ್ಯಾರ್ಥಿ ವೀಸಾ ರದ್ದು, ವೀಸಾ ಹೋದರೆ ಹುಡುಗ ಊರಿಗೆ. ಸಹಿ ಹಾಕದಿದ್ದರೆ ಪೋಷಕರ ಸಮೇತ ಸಮಿತಿಯ ಮುಂದೆ ವಿಚಾರಣೆ. ಅಲ್ಲೂ ಸೋತರೆ ಪೊಲೀಸರು, ವಕೀಲರು, ಮತ್ತು ನನಗೆ ಓದಲು ಬಾರದ ಅರಬ್ಬಿ ಕಾಗದಗಳು. ರೇವಣಸಿದ್ದಪ್ಪನವರು ಫೋನಿನಲ್ಲಿ, "ಸೇಸಪ್ಪನವರ, ನೀವು ಹುಡುಗರಿಗೆ ಔಷಧ ಕೊಟ್ರೋ, ವನವಾಸ ಕೊಟ್ರೋ? ಸುಮ್ನ ಸಹಿ ಮಾಡಿ ಮುಗಸೂಣು" ಎಂದರು. ಊರಿನಿಂದ ಲೋಲಾಕ್ಷಿ, "ಅಣ್ಣ, ಮಗನ್ನ ನಿನ್ನ ಹತ್ರ ಬಿಟ್ಟದ್ದು ಓದ್ಲಿಕ್ಕೆ, ಬಾಟ್ಲಿ ಹೊರ್ಲಿಕ್ಕಲ್ಲ" ಎಂದು ಅತ್ತಳು. ನಮ್ಮವರಲ್ಲಿ ಹುಡುಗನಿಗೆ ಅಪ್ಪನಿಗಿಂತ ಮೊದಲು ಉತ್ತರ ಹೇಳಬೇಕಾದವನು ಸೋದರಮಾವ. ಆದ್ದರಿಂದ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದು ವಿಚಾರಣೆ ಕೇಳಿದೆ. ಸುಶಾಂತ್ ಮಾತ್ರ, "ಮಾಮ, ಪ್ಲೀಸ್, ಅಲ್ಲಿ ಮಾತಾಡ್ಬೇಡಿ. ಜಸ್ಟ್ ಸೇ ಸಾರಿ ಆಂಡ್ ಸಿಟ್" ಎಂದು ಕೈಮುಗಿದ.

ಬುಧವಾರದ ವಿಚಾರಣೆಗೆ ತಾವೇ ಸಾಕ್ಷಿಯಾಗಿ ಆಗಮಿಸಿದ್ದಿರಿ, ಕಂಡು ಸಂತೋಷವಾಯಿತು. ಇದು ಮದ್ದೆಂದು ನಾನು ಹೇಳಿದಾಗ ಸಮಿತಿಯವರು ನಕ್ಕರು. ಸರಿ, ಕಾಣುವ ಎಂದು, ಸಾಕ್ಷ್ಯವಾಗಿ ಮೇಜಿನ ಮೇಲಿಟ್ಟಿದ್ದ ಬಾಟಲಿಯಿಂದ ಅವರೆದುರಿಗೇ ನಾಲ್ಕು ಮುಚ್ಚಳ ಕುಡಿದು ತಮ್ಮೊಳಗೆ ಊದಿದೆ. ತಾವು ನನ್ನ ಐವತ್ತನಾಲ್ಕು ವರ್ಷಗಳ ಮರ್ಯಾದೆಯನ್ನು ನೋಡದೆ ಕೂಗಿಬಿಟ್ಟಿರಿ. ದೀಪಕ ಕಣ್ಣು ಮುಚ್ಚಿಕೊಂಡ, ಸುಶಾಂತ್ ಕುರ್ಚಿಯಲ್ಲೇ ಜಾರಿದ. ನಾನು ಎದ್ದು ನಿಂತು, ಊರಿನಲ್ಲಿ ಅರ್ಜಿ ಬರೆದೇ ಬಸ್ಸು ನಿಲ್ಲಿಸಿದ್ದು, ನಕಲಿ ರೇಷ್ಮೆಯನ್ನು ಕತ್ತಲಲ್ಲಿ ಹಿಡಿದದ್ದು, ಇಪ್ಪತ್ತೆರಡು ವರ್ಷದಲ್ಲಿ ಮದ್ಯದ ಒಂದು ಗುಟುಕನ್ನೂ ಮುಟ್ಟದೆ ಇದ್ದದ್ದು ಎಲ್ಲವನ್ನೂ ವಿವರಿಸತೊಡಗಿದೆ. ಅಧ್ಯಕ್ಷರು ಮೂರು ಸಲ "ಖಲಾಸ್" ಎಂದರು, ನಾನು ಮೂರು ಸಲವೂ ಒಪ್ಪಿ ಮುಂದುವರಿಸಿದೆ. ಇಪ್ಪತ್ತೈದು ನಿಮಿಷದ ಮೇಲೆ ನೀರು ಕುಡಿಯಲು ನಿಲ್ಲಿಸಿದಾಗ, ಸಮಿತಿಯಲ್ಲಿದ್ದ ಕೆಮಿಸ್ಟ್ರಿಯ ಅಗಾತಾ ಟೀಚರು ವಾಚು ನೋಡಿ, "ಸೇಸಪ್ಪನವರೇ, ಈಗ ಇನ್ನೊಮ್ಮೆ ಊದಿ" ಎಂದರು.

ಊದಿದೆ. ತಾವು ತುಟಿ ಬಿಚ್ಚಲಿಲ್ಲ.

ಬಾಯಲ್ಲಿ ಉಳಿದ ಮದ್ದಿನ ಹಸಿ ಕಾಲು ಗಂಟೆಯಲ್ಲಿ ಆರಿಹೋಗುತ್ತದೆ, ನಿಜವಾಗಿ ಕುಡಿದವನ ಉಸಿರು ಅಷ್ಟು ಬೇಗ ಆರುವುದಿಲ್ಲ, ಅದಕ್ಕೇ ಎರಡನೆಯ ಸಲ ಊದಿಸಬೇಕೆಂದು ತಮ್ಮ ಕೈಪಿಡಿಯಲ್ಲೇ ಬರೆದಿದೆ, ಹುಡುಗರಿಂದ ಹಾಗೆ ಇನ್ನೊಮ್ಮೆ ಯಾರೂ ಊದಿಸಲಿಲ್ಲ ಎಂದು ಟೀಚರು ಓದಿ ಹೇಳಿದರು. ದೂರು ರದ್ದಾಯಿತು. ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಮಾತಾಡಿದೆನೆಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ, ತಾವು ದಯವಿಟ್ಟು ಅಲ್ಲಗಳೆಯಬಾರದು. ಹೊರಗೆ ಬಂದ ಮೇಲೆ ಸುಶಾಂತ್, "ಮಾಮ, ಆ ಬಸ್ಸಿನ ಕಥೆ ಪೂರ್ತಿ ಮಾಡಿ" ಎಂದ. ಹುಟ್ಟಿದಂದಿನಿಂದ ಅವನು ನನ್ನನ್ನು ಮಾತು ಮುಂದುವರಿಸಲು ಕೇಳಿದ್ದು ಇದೇ ಮೊದಲು.

ಈಗ ನನ್ನ ವಿನಂತಿ. ಹುಡುಗರಿಗೆ ಕೊಟ್ಟಿದ್ದ ಅದೇ ತಪ್ಪೊಪ್ಪಿಗೆಯ ಫಾರಮಿಗೆ ತಾವು ಸಹಿ ಹಾಕಿ, ತಮ್ಮ ಪೋಷಕರ ಸಮೇತ ಬರ್ ದುಬೈಯ ನಮ್ಮ ಅಂಗಡಿಗೆ ಬಂದು ಒಪ್ಪಿಸಬೇಕು. ಬರುವಾಗ ಹೊಟ್ಟೆ ಸರಿಯಿಲ್ಲದಿದ್ದರೆ ತಿಳಿಸಿ, ಮದ್ದು ಇದೆ.

ಕಾಲು ಗಂಟೆ ಕಾದರೆ ಮಾತ್ರ ತಮ್ಮ ವಿಶ್ವಾಸಿ,
ಸೇಸಪ್ಪ

ತಾಜಾ ಕಲಂ: ಸಾಕ್ಷ್ಯವೆಂದು ವಾರ್ಡನ್ ಸಾಹೇಬರು ಬೀರುವಿನಲ್ಲಿ ಬೀಗ ಹಾಕಿಟ್ಟ ನನ್ನ ಬಾಟಲಿ ಈಗ ನಾಲ್ಕು ಬೆರಳು ಇಳಿದಿದೆಯೆಂದೂ, ಅವರ ಬಹುಕಾಲದ ಹೊಟ್ಟೆಯುಬ್ಬರ ಮಾಯವಾಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಾರೆಂದೂ ಸುಶಾಂತ್ ತಿಳಿಸಿದ್ದಾನೆ. ಅವರು ಬೆಳಿಗ್ಗೆ ಬಂದು ತಮ್ಮ ಮೇಲಿನ ಧೂಳನ್ನು ಬಾಯಿಂದ ಊದಿ ತೆಗೆಯುವಾಗ, ದೊಡ್ಡ ಮನಸ್ಸು ಮಾಡಿ, ಕೂಗಬೇಡಿ.