ಹೆಸರು ತೊಳೆದ ಯಂತ್ರ

“ನೋಡ್ರಮ್ಮ, ಸೋಪಿಲ್ಲ, ನಾರಿಲ್ಲ, ಉಜ್ಜೋ ಕೈಯೂ ಬೇಕಿಲ್ಲ!”

ಪಕ್ಕದ ಮನೆಯ ಗುರುಸಿದ್ದಪ್ಪ ಮಾವ ತಮ್ಮ ಹೊಸ ಯಂತ್ರಕ್ಕೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದರು. ಅದು ನೀರು ತುಂಬಿದ ದೊಡ್ಡ ಸ್ಟೀಲ್ ತೊಟ್ಟಿ. ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆಗಳು. ಕಿವಿಗೆ ನಿಲುಕದಷ್ಟು ಏರು ಸ್ವರದಲ್ಲಿ ಅವು ನಡುಗಿದರೆ ನೀರೇ ಕೊಳೆ ಕೀಳುತ್ತದಂತೆ.

“ಸ್ವರ ಏರಿದಷ್ಟೂ ಕಸುವು ಕಮ್ಮಿ. ಇಂಥ ಯಂತ್ರ ಕೊಳ್ಳೋ ಕಾರ್ಖಾನೆಯವರಿಗೆ ಎರಡೂ ಬೇಕು! ಅದಕ್ಕೇ ಬಿಲ್ಲೆ ಮೇಲೆ ಬಿಲ್ಲೆ ಪೇರಿಸಿ, ಸೋಬಾನೆ ಹೇಳೋ ಹೆಂಗಸರ ಥರ ಎಲ್ಲಾ ಒಟ್ಟಿಗೆ ದನಿ ಎತ್ತೋ ಹಾಗೆ ಮಾಡಿದೀನಿ!”

“ಮೊದ್ಲು ನಮ್ಮನೆ ಮಿಕ್ಸಿ ದನಿ ಎತ್ತೋ ಹಾಗೆ ಮಾಡ್ರಿ,” ಎಂದರು ಅವರ ಹೆಂಡತಿ ಚೆನ್ನಾಜಮ್ಮ ಅತ್ತೆ.

ಹಿಂದಿನ ದಿನ ಅವರ ಮಗಳ ಸೀಮಂತ. ಬೀದಿಯವರಿಂದ ತಂದ ಎರವಲು ಪಾತ್ರೆಗಳೆಲ್ಲ ಹಿತ್ತಲಲ್ಲೇ ರಾಶಿ ಬಿದ್ದಿದ್ದವು. ಯಾವುದು ಯಾರದೆಂದು ತಿಳಿಯುವುದು ಮೇಲೆ ಕೊರೆದ ಹೆಸರಿನಿಂದ. ಆ ಹೆಸರು ಕೊರೆಯುವವಳು ನಾನು. ಶಾಲೆಯ ಓದು ಬಿಟ್ಟ ಮೇಲೆ, ಪಾತ್ರೆ ಅಂಗಡಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತು, ಗುಂಯ್ ಎನ್ನುವ ಸೂಜಿಯಲ್ಲಿ ಅಕ್ಷರ ಚುಚ್ಚುವುದೇ ಕೆಲಸ. ಯಾರೊಂದಿಗೂ ಹೆಚ್ಚು ಮಾತಾಡಬೇಕಿಲ್ಲವೆಂದೇ ಅದು ನನಗಿಷ್ಟ. ಆದರೆ, “ಈಗ ಯಾರು ಹೆಸರು ಹಾಕಿಸ್ತಾರೆ ಸುಗುಣ? ಯುಗಾದಿ ಆದ್ಮೇಲೆ ಬರಬೇಡಮ್ಮ,” ಎಂದುಬಿಟ್ಟಿದ್ದರು ಅಂಗಡಿಯ ಸಾಹುಕಾರರು.

ಮಾವ ಪಾತ್ರೆಗಳ ಜೊತೆ ತಾವು ನೀರು ಕುಡಿಯುವ ತಾಮ್ರದ ಚೊಂಬನ್ನೂ ಮುಳುಗಿಸಿ ಗುಂಡಿ ಒತ್ತಿದರು.

“ಜಿಡ್ಡು ಹೋಯ್ತು!” ಕಸುವು ಏರಿಸಿದರು. “ಮಸಿ ಹೋಯ್ತು!” ಇನ್ನೂ ಏರಿಸಿದರು.

“ಇನ್ನೇನ್ರೀ ಹೋಗೋಕಿದೆ?” ಎಂದರು ಅತ್ತೆ.

ಉಳಿದಿದ್ದುದು ಹೆಸರು. ಅದೂ ಹೋಯಿತು!

ಅರ್ಧ ಗಂಟೆಯಲ್ಲಿ ಹಿತ್ತಲು ಸಂತೆಯಾಯಿತು.

“ಈ ಕೊಳಗ ನಂದು!” ಎಂದರು ರೇಣುಕಮ್ಮ.

“ನಿಮ್ದಕ್ಕೆ ತಳ ಎಲ್ಲಿತ್ರೀ?” ಎಂದರು ಪುಟ್ಟತಾಯಮ್ಮ.

“ಹಂಗಾದ್ರೆ ನಿನ್ನೆ ಪಾಯಸ ಎಲ್ಲಿ ನಿಂತಿತ್ತು, ನಿಮ್ಮ ತಲೆ ಮೇಲಾ?”

ದಪ್ಪ ಕೊಳಗಕ್ಕೆ ಆರು ಜನ ಒಡತಿಯರು, ನೆಗ್ಗಿದ ಬೇಸಿನ್ನಿಗೆ ಒಬ್ಬರೂ ಇಲ್ಲ!

ಅಷ್ಟರಲ್ಲಿ ಅತ್ತೆ ತೊಟ್ಟಿಯಿಂದ ಚೊಂಬನ್ನು ಎತ್ತಿದರು. ಬೀದಿಯ ಹೆಸರುಗಳೆಲ್ಲ ಬಂದು ಅದರ ಮೈತುಂಬ ಕೂತಿದ್ದವು, ನನ್ನದೇ ಅಕ್ಷರದಲ್ಲಿ!

“ರೇಣುಕಾ… ಪುಟ್ಟತಾಯಿ… ಶಾರದಾ…” ಓದುತ್ತ ಅತ್ತೆಯ ದನಿ ಏರಿತು. “ಬೀದಿ ಹೆಂಗಸರೆಲ್ಲ ಇದಾರೆ, ನಾನೊಬ್ಬಳೇ ಇಲ್ಲ!”

“ಇದು ವಿಜ್ಞಾನ ಕಣೇ!”

“ಆ ಹೆಸರೂ ಇದ್ರಲ್ಲಿ ಇಲ್ವಲ್ರೀ!”

ಮರುದಿನ ಅಂಗಡಿಯ ಮುಂದೆ ಕೊಳಗ ಹೊತ್ತವರ ಸಾಲು. “ಇನ್ನೂ ದೊಡ್ಡದಾಗಿ ಕೊರಿಯಮ್ಮ, ಆಳವಾಗಿ!” ಸಾಹುಕಾರರು ನನಗೆ ಬೆನ್ನಿಗೊರಗುವ ಕುರ್ಚಿ ಹಾಕಿಸಿದರು. ಯುಗಾದಿ ಬಂತು, ಹೋಯಿತು, ಬರಬೇಡವೆಂಬ ಮಾತು ಅವರು ಎತ್ತಲೇ ಇಲ್ಲ. ಅತ್ತೆ ತಂದ ಚೊಂಬಿನಲ್ಲಿ ಮಾತ್ರ ಜಾಗವೇ ಇರಲಿಲ್ಲ. ಬಾಯಿ ತಾಗುವ ಅಂಚಿನಲ್ಲೇ ಸುತ್ತಲೂ ‘ಚೆನ್ನಾಜಮ್ಮ’ ಎಂದು ಕೊರೆದುಕೊಟ್ಟೆ.

ಬೀದಿಯಲ್ಲಿ ಯಾರೂ ಮಾವನನ್ನು ಮಾತಾಡಿಸುತ್ತಿರಲಿಲ್ಲ. ಧನ್ಯವಾದದ ಲೆಕ್ಕದಲ್ಲಿ ನಾನು ಹೋಳಿಗೆ ಒಯ್ದು ಕೊಟ್ಟೆ.

“ನೀನೊಬ್ಬಳಾದ್ರೂ ಬಂದ್ಯಲ್ಲ ಸುಗುಣ!” ಎಂದು ಅವರು ಕಣ್ಣೊರೆಸಿಕೊಂಡರು. “ಈ ಸಲ ಕಸುವು ಇಮ್ಮಡಿ ಮಾಡ್ತಿದೀನಿ!”

“ಮಾಡಿ ಮಾವ,” ಎಂದೆ. “ಅವಸರ ಏನಿಲ್ಲ. ಇನ್ನೂ ಲೋಟಗಳಿಗೆ ಹೆಸರು ಕೊರೆಯೋದು ಬಾಕಿ ಇದೆ.”