ನಮ್ಮ ಮನೆಯೊಳಗೊಂದು ಪಕ್ಕದ ಮನೆ

ಮನೆಯ ಯಜಮಾನನಾದವನು ಒಂದು ನಿರ್ಧಾರ ತೆಗೆದುಕೊಂಡರೆ ಅದು ಶಿಲಾಶಾಸನವಾಗಿರಬೇಕು! ಹೀಗೆಂದು ನಾನು ಆ ಶನಿವಾರ ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯೆದುರು, ಮುಖದ ತುಂಬ ಸೋಪಿನ ನೊರೆ ಮೆತ್ತಿಕೊಂಡು, ಎದೆಯುಬ್ಬಿಸಿ ಘೋಷಿಸಿದೆ. ಕನ್ನಡಿ ಎದುರಾಡಲಿಲ್ಲ. ನನಗೆ ಎದುರಾಡದೆ ಇರುವುದು ನಮ್ಮ ಮನೆಯಲ್ಲಿ ಅದೊಂದೇ.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ. ವಸ್ತುಪ್ರದರ್ಶನ ನಡೆಯುವ ದೊಡ್ಡ ಸಭಾಂಗಣದಲ್ಲಿ, ಮಳಿಗೆಗಳು ಏಳುವ ಮುಂಚೆ, ಖಾಲಿ ನೆಲದ ಮೇಲೆ ಹಳದಿ ಟೇಪು ಅಂಟಿಸಿ ಯಾರ ಜಾಗ ಎಲ್ಲಿಂದ ಎಲ್ಲಿಗೆ ಎಂದು ಗುರುತು ಮಾಡುವವನು ನಾನು. ನಾನು ಗೆರೆ ಎಳೆದ ಮೇಲೆ ಮುಗಿಯಿತು. ಸೋಫಾ ಮಾರುವವನ ಸೋಫಾದ ಕೈ ಒಂದು ಗೇಣು ಆಚೆ ಚಾಚಿದರೂ ನಾನು ಬಿಡುವವನಲ್ಲ. ಇಂಥ ನನಗೆ ಬೇರೊಂದು ಮಹಾನಗರದಲ್ಲಿ, ಇದರ ಎರಡರಷ್ಟಿರುವ ಸಭಾಂಗಣಕ್ಕೆ ಮುಖ್ಯಸ್ಥನಾಗಿ ಬಡ್ತಿ ಬಂದಿತ್ತು. ಅಲ್ಲಿನ ದೊಡ್ಡ ಸಾಹೇಬರು ಫೋನಿನಲ್ಲಿ, "ಭಾನುವಾರ ಸಂಜೆಯೊಳಗೆ ಬರ್ತೀರೋ ಇಲ್ವೋ ಹೇಳಿಬಿಡಿ" ಎಂದಿದ್ದರು. ಮನೆಯನ್ನೂ ಕಂಪನಿಯೇ ಕೊಡುತ್ತದೆ. ಫೋಟೋ, ಅಳತೆ, ಉಸ್ತುವಾರಿಯವರ ನಂಬರು ಎಲ್ಲ ಕಳಿಸಿದ್ದರು. ನಾನು ಯಾರನ್ನೂ ಕೇಳದೆ, ಕಟ್ಟಡದ ಗೇಟಿಗೆ ಅಂಟಿಕೊಂಡಿರುವ ಮನೆಯನ್ನೇ ಆರಿಸಿ, ಆಮೇಲೆ ಸಂಸಾರಕ್ಕೆ ಸುದ್ದಿ ಮುಟ್ಟಿಸಿದೆ.

"ಗೇಟಿನ ಪಕ್ಕದ್ದೇ ಯಾಕೆ?" ಎಂದಳು ಹೆಂಡತಿ.

"ಬಾಗಿಲ ಹತ್ತಿರದ ಜಾಗಕ್ಕೆ ಜನ ನನ್ನ ಕಾಲು ಹಿಡೀತಾರೆ, ಗೊತ್ತಾ? ಓಡಾಟ ಜಾಸ್ತಿ!"

"ಅಲ್ಲಿ ಕೂತು ನಾವೇನು ಪಾತ್ರೆ ಮಾರಬೇಕಾ?"

ನನ್ನ ಹೆಂಡತಿ ಕಾರು ಓಡಿಸಲು ಕಲಿಸುವ ಶಾಲೆ ನಡೆಸುತ್ತಾಳೆ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲೂ ಒಂದು ಬ್ರೇಕು ಇಟ್ಟುಕೊಂಡು, ಎಂಥವರನ್ನೂ ನಿಂತಲ್ಲೇ ನಿಲ್ಲಿಸುವುದು ಅವಳ ಕಸುಬು. ಆ ಬ್ರೇಕನ್ನು ಅವಳು ಮನೆಗೂ ತರುತ್ತಾಳೆಂದು ನನಗೆ ಬಹಳ ದಿನದ ಅನುಮಾನ.

"ನಾನು ಬರಲ್ಲ. ಆ ಮನೇಲಿ ನಾಲ್ಕು ಜನ ಒಟ್ಟಿಗೆ ಉಸಿರಾಡೋಕಾಗಲ್ಲ. ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ತಗೋಬೇಕು."

"ಫೋಟೋದಲ್ಲಿ ದೊಡ್ಡದಾಗೇ ಕಾಣುತ್ತಲ್ಲೇ!"

"ಮದುವೆಗೆ ಮುಂಚೆ ಫೋಟೋದಲ್ಲಿ ನೀವೂ ಎತ್ತರವಾಗೇ ಕಾಣ್ತಿದ್ರಿ."

ನಮ್ಮ ಜೊತೆಗೇ ಇರುವ ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆಯೆತ್ತದೆಯೇ ನಕ್ಕಳು. ನನಗೆ ರೋಷ ಉಕ್ಕಿತು. ಮಾತಿನಲ್ಲಿ ಈ ಮೂವರನ್ನು ಗೆದ್ದ ಗಂಡಸು ಇನ್ನೂ ಹುಟ್ಟಿಲ್ಲ. ಆದರೆ ಟೇಪಿನಲ್ಲಿ ನನ್ನನ್ನು ಗೆದ್ದವರೂ ಹುಟ್ಟಿಲ್ಲ!

"ಆ ಮನೇನ ಇಲ್ಲೇ ನೆಲದ ಮೇಲೆ ಎಳೆದು ತೋರಿಸ್ತೀನಿ. ನಾಳೆ ಸಂಜೆವರೆಗೆ ಅದರೊಳಗೇ ಬದುಕೋಣ. ಬದುಕಿದ್ರೆ ಗಂಟುಮೂಟೆ ಕಟ್ಟೋದು."

"ಆಗದೇ ಇದ್ರೆ?"

"ಬಡ್ತಿ ಬೇಡ ಅಂತೀನಿ. ಮತ್ತೆ ಈ ವಿಷಯಾನೇ ಎತ್ತಲ್ಲ!"

"ಮಾತು ಮಾತೇ?"

"ಶಿಲಾಶಾಸನ!"

ಶುರುವಾಯಿತು ನೋಡಿ. ನನ್ನ ಕಸುಬಿನಲ್ಲಿ ಎಲ್ಲವೂ ಮುಖ್ಯದ್ವಾರದಿಂದಲೇ ಶುರು. ಅದೇ ಅಭ್ಯಾಸದಲ್ಲಿ ಮುಂಬಾಗಿಲಿನಿಂದ ಟೇಪು ಎಳೆಯುತ್ತ ಹೊರಟೆ. ನಮ್ಮ ಈಗಿನ ಮನೆ ಉದ್ದಕ್ಕಿದೆ: ಎದುರಿಗೆ ದೊಡ್ಡ ಹಜಾರ, ಅದರಾಚೆ ಊಟದ ಮೇಜು, ಅದರಾಚೆ ಅಡುಗೆಮನೆ, ಬಚ್ಚಲು, ಮಲಗುವ ಕೋಣೆಗಳು, ಕೊನೆಗೆ ಹಿತ್ತಲ ಬಾಗಿಲು. ನಾನು ಮಂಡಿಯೂರಿ, ನಾಲಿಗೆ ಕಚ್ಚಿಕೊಂಡು, ಕೋಣೆಯ ಮೇಲೆ ಕೋಣೆ ಕಟ್ಟುತ್ತ ಹೋದೆ. ತಲೆಯೆತ್ತಿ ನೋಡಿದರೆ ಹೊಸ ಮನೆ ಹಜಾರದಲ್ಲೇ ಮುಗಿದುಹೋಗಿತ್ತು!

"ನೋಡಿದ್ರಾ? ಇಡೀ ಮನೆ ಹಿಡೀತು!" ಎಂದೆ.

"ಹಿಡಿದಿದ್ದು ಹಜಾರ ಕಣ್ರೀ," ಎಂದಳು ಹೆಂಡತಿ.

ಹೊಸ ಅಡುಗೆಮನೆ ಟೀವಿಯ ಕೆಳಗೆ ಬಿದ್ದಿತ್ತು. ಬಚ್ಚಲು ಸೋಫಾದ ಎಡಭಾಗವನ್ನು ನುಂಗಿತ್ತು. ಬಲಭಾಗ ನಮ್ಮಿಬ್ಬರ ಮಲಗುವ ಕೋಣೆ. ಅತ್ತೆ ದಿಂಬಿಡಬೇಕಾದ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡಿತ್ತು. ಅತ್ತೆ ಅದನ್ನು ನೋಡಿ, "ಅಳಿಯಂದ್ರೆ, ನನ್ನ ಬೆಲೆ ನೆಲದ ಮೇಲೆ ಬರೆದು ತೋರಿಸಿದ್ರಲ್ಲ" ಎಂದರು. ನಾನು ಕೇಳಿಸದವನಂತೆ ಕಾನೂನು ಓದಿದೆ: "ಗೆರೆ ಅಂದ್ರೆ ಗೋಡೆ! ಯಾರೂ ದಾಟೋ ಹಾಗಿಲ್ಲ. ಯಾರಿಗೂ ರಿಯಾಯಿತಿ ಇಲ್ಲ, ನನಗೂ ಇಲ್ಲ!"

ಈ ಕೊನೆಯ ಮಾತನ್ನು ನಾನು ಆಡಬಾರದಿತ್ತು.

ಮಗಳು ಮೊದಲ ಸಲ ತಲೆಯೆತ್ತಿದಳು. "ಅಪ್ಪಾ, ಗೋಡೆಯಿಂದ ಆಚೆ ಏನಿದೆ?"

"ಇನ್ನೇನಿರುತ್ತೆ? ಪಕ್ಕದ ಮನೆ!"

"ಅಲ್ಲಿ ಯಾರಿದ್ದಾರೆ?"

"ಯಾರೋ ಇರ್ತಾರೆ, ನನಗೇನು ಗೊತ್ತು?"

ಅವಳು ದಿಂಬು ಎತ್ತಿಕೊಂಡು, ಮುಂಬಾಗಿಲಿನಿಂದ ಹೊರಗೆ ಹೋಗಿ, ಮನೆಯನ್ನು ಸುತ್ತು ಹಾಕಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಊಟದ ಮೇಜಿನ ಮೇಲೆ ಕಾಲು ಚಾಚಿ ಕೂತಳು. "ನಾನೇ ಪಕ್ಕದ ಮನೆಯವಳು. ನಮಸ್ಕಾರ!" ನಾನು ಹೊಟ್ಟೆ ತುಂಬ ನಕ್ಕೆ. ಆಗ ನಗುವ ಬದಲು ಒಂದು ಲೋಟ ನೀರು ತಂದಿಟ್ಟುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಕೆಂದರೆ ಸ್ವಲ್ಪ ಹೊತ್ತಿಗೆ ಬಾಯಾರಿಕೆಯಾಯಿತು. ಎದ್ದು ಎರಡು ಹೆಜ್ಜೆ ಹಾಕಿದ್ದೇ ತಡ, ಹೆಂಡತಿ ಕಿರುಚಿದಳು: "ಬ್ರೇಕ್! ಬ್ರೇಕ್ ಹಾಕಿ! ಗೋಡೆ!"

ನಾನು ಗರ ಬಡಿದವನಂತೆ ಒಂದೇ ಕಾಲಲ್ಲಿ ನಿಂತೆ. ಫ್ರಿಜ್ಜು ಪಕ್ಕದ ಮನೆಯಲ್ಲಿತ್ತು. ಒಲೆ, ನೀರು, ಡಬ್ಬಿಗಳು, ಎಲ್ಲವೂ ಪಕ್ಕದ ಮನೆಯಲ್ಲಿದ್ದವು. ನನ್ನ ಪಾಲಿಗೆ ಬಂದಿದ್ದು ಒಂದು ಟೀವಿ, ಒಂದು ಸೋಫಾ, ಚಪ್ಪಲಿ ಸ್ಟ್ಯಾಂಡು ಮತ್ತು ಇಬ್ಬರು ಹೆಂಗಸರು. ಎಲ್ಲಕ್ಕಿಂತ ಘೋರವಾದ ಸತ್ಯ ಸ್ವಲ್ಪ ತಡವಾಗಿ ಹೊಳೆಯಿತು: ನಿಜವಾದ ಬಚ್ಚಲೂ ಪಕ್ಕದ ಮನೆಯದೇ!

ತಡೆಯುವಷ್ಟು ತಡೆದೆ. ಆಮೇಲೆ ಮುಂಬಾಗಿಲಿನಿಂದ ಹಾರಿ, ಮನೆ ಸುತ್ತು ಹಾಕಿ, ಹಿತ್ತಲ ಬಾಗಿಲು ಬಡಿದೆ.

"ಬಾಗಿಲು ತೆಗಿಯೇ!"

ಒಳಗಿನಿಂದ ಮಗಳ ದನಿ: "ಪಕ್ಕದ ಮನೆಯವರ ಹತ್ರ ಹೀಗಾ ಮಾತಾಡೋದು? ಪರಿಚಯ ಇಲ್ಲ, ಏನಿಲ್ಲ, ಏಕವಚನ!"

"ತಾಯೀ, ತೆಗೀರಿ! ದಯವಿಟ್ಟು ತೆಗೀರಿ!"

"ಯಾರು ಬೇಕಾಗಿತ್ತು?"

"ಯಾರೂ ಬೇಡ ಕಣ್ರೀ, ಬಚ್ಚಲು ಬೇಕು!"

ಹೆತ್ತ ಮಗಳನ್ನು ಬಹುವಚನದಲ್ಲಿ ಬೇಡಿಕೊಂಡು ನಾನು ನನ್ನದೇ ಬಚ್ಚಲು ಸೇರಿದೆ. ಹೊರಗೆ ಬಂದಾಗ ಅವಳು, "ಪದೇ ಪದೇ ಬರ್ಬೇಡಿ, ನಮಗೂ ತೊಂದರೆ ಆಗುತ್ತೆ" ಎಂದು ಬುದ್ಧಿ ಹೇಳಿ ಕಳಿಸಿದಳು.

ಮಧ್ಯಾಹ್ನಕ್ಕೆ ಪಕ್ಕದ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಅತ್ತೆ ಮೂಗರಳಿಸಿದರು. "ಅಳಿಯಂದ್ರೆ, ಆ ಹುಡುಗಿ ಒಬ್ಬಳೇ ಇದಾಳೆ ಪಾಪ. ಒಂದು ಗಳಿಗೆ ಮಾತಾಡಿಸ್ಕೊಂಡು ಬರ್ತೀನಿ." ಹೋದವರು ಹೋದರು. ಸಂಜೆಯಾದರೂ ಪತ್ತೆಯಿಲ್ಲ. ಗೆರೆಯ ಈಚೆಯಿಂದ ಇಣುಕಿದರೆ ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದರು. "ಅತ್ತೆ, ವಾಪಸ್ ಬರಲ್ವಾ?" ಎಂದರೆ, "ನಿಮ್ಮ ಪಕ್ಕದ ಮನೆಯವರು ಬಹಳ ಒಳ್ಳೆ ಜನ ಅಳಿಯಂದ್ರೆ, ಬಿಡ್ತಾನೇ ಇಲ್ಲ" ಎಂದರು.

ಹೆಂಡತಿ ಮಾತ್ರ ಮಾತಿಗೆ ತಪ್ಪಲಿಲ್ಲ. ಆ ರಾತ್ರಿ ಸೋಫಾದ ಬಲಭಾಗದಲ್ಲಿ ನನ್ನ ಜೊತೆ ಅರ್ಧಂಬರ್ಧ ಮಲಗಿದಳು. ಆದರೆ ಭಾನುವಾರ ಬೆಳಿಗ್ಗೆ ನಾನು ಹಿಂದಿನ ದಿನ ಅಂಗಡಿಯಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಮುಂದೆ ಹಿಡಿದಾಗ ಕತ್ತು ಹಿಡಿದುಕೊಂಡು ಎದ್ದು ನಿಂತಳು.

"ನಮ್ಮಮ್ಮ ಪಕ್ಕದ ಮನೇಲಿದ್ದಾರೆ. ಹೇಗಿದ್ದಾರೋ ಏನೋ, ನೋಡ್ಕೊಂಡು ಬರ್ತೀನಿ."

"ನೀನೂನಾ?"

"ಗೆರೆ ದಾಟ್ತಿಲ್ಲ. ಬಾಗಿಲಿಂದಾನೇ ಹೋಗ್ತಿದ್ದೀನಿ. ಕಾನೂನು ನಿಮ್ಮದೇ!"

ಅವಳೂ ಹೋದಳು. ಹೊಸ ಮನೆ ನಿಶ್ಶಬ್ದವಾಯಿತು. ಆಚೆ ಬದಿಯಲ್ಲಿ ಪಾತ್ರೆಯ ಸದ್ದು, ಗುಸುಗುಸು, ಮಗಳು ಯಾರಿಗೋ ಫೋನು ಮಾಡುವುದು, ಆಮೇಲೆ ಮೂವರ ನಗು. ಈಚೆ ಬದಿಯಲ್ಲಿ ನಾನು, ಟೀವಿಯ ಕೆಳಗಿನ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮೆತ್ತಗಾದ ಬಿಸ್ಕತ್ತು ಅಗಿಯುತ್ತಿದ್ದೆ.

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಆ ದೂರದ ಊರಿನಲ್ಲಿ ನಾನು ಕೆಲಸ ಮುಗಿಸಿ ಬಂದು, ಬೀಗ ತೆಗೆದು, ದೀಪ ಹಾಕಿದರೆ "ಬ್ರೇಕ್ ಹಾಕಿ" ಎನ್ನಲು ಒಬ್ಬರೂ ಇಲ್ಲ! ಮೂರು ಜನ ನನ್ನನ್ನು ಗೇಲಿ ಮಾಡದ ಮನೆಯಲ್ಲಿ ಊಟ ಸೇರುವುದಾದರೂ ಹೇಗೆ? ಇನ್ನೆಷ್ಟೇ ದೊಡ್ಡ ಸಭಾಂಗಣ ಕೊಟ್ಟರೂ ಬೇಡ. ಇವರನ್ನು ಒಲ್ಲದ ಮನಸ್ಸಿನಿಂದ ಎಳೆದುಕೊಂಡು ಹೋಗುವ ಪಾಪವೂ ಬೇಡ. ಕಣ್ಣೊರೆಸಿಕೊಂಡು ಫೋನು ತೆಗೆದೆ. ಇಂಥ ತ್ಯಾಗಗಳನ್ನು ಮನಸ್ಸು ಬದಲಾಗುವುದರೊಳಗೆ ಮಾಡಿಬಿಡಬೇಕು.

"ಸಾರ್, ನನ್ನ ಸಂಸಾರ ಒಪ್ತಿಲ್ಲ ಸಾರ್. ನಾನು ಹೊರಟುಬಿಡ್ತಿದ್ದೆ. ಆದ್ರೆ ನನ್ನ ಹೆಂಡ್ತಿ ನಿನ್ನೆಯಿಂದ ಕಣ್ಣೀರಲ್ಲಿ ಕೈತೊಳೀತಿದ್ದಾಳೆ. ಊಟಾನೇ ಬಿಟ್ಟಿದ್ದಾಳೆ ಸಾರ್!"

ಅದೇ ಗಳಿಗೆಗೆ ಆಚೆಯಿಂದ ಹೆಂಡತಿಯ ಕಂಚಿನ ಕಂಠ ಕೇಳಿಸಿತು: "ಅಮ್ಮಾ, ಇನ್ನೊಂಚೂರು ಬಡಿಸು!"

"ಯಾರ್ರೀ ಅದು?" ಎಂದರು ಸಾಹೇಬರು.

"ಪಕ್ಕದ ಮನೆಯವರು ಸಾರ್."

ಸಾಹೇಬರು ನಿಟ್ಟುಸಿರು ಬಿಟ್ಟು, "ಆಯ್ತು ಬಿಡಿ, ಸಂಜೆ ಬೇರೆಯವರಿಗೆ ಹೇಳ್ತೀನಿ" ಎಂದು ಫೋನಿಟ್ಟರು. ನನ್ನ ಹೃದಯ ಹಗುರಾಯಿತು. ತ್ಯಾಗದ ತೇಜಸ್ಸನ್ನು ಮುಖದ ಮೇಲೆ ತಂದುಕೊಂಡು ಮೂವರನ್ನೂ ಕರೆಯಬೇಕು ಎನ್ನುವಷ್ಟರಲ್ಲಿ ಮುಂಬಾಗಿಲಲ್ಲಿ ಅತ್ತೆಯ ದನಿ: "ಟಿಂಗ್ ಟಾಂಗ್!"

ಮೂವರೂ ಮನೆ ಸುತ್ತು ಹಾಕಿಯೇ ಬಂದಿದ್ದರು. ಅತ್ತೆಯ ಕೈಯಲ್ಲಿ ಮುಚ್ಚಿದ ತಟ್ಟೆಯಿತ್ತು. ಮಗಳ ಮುಖ ಕಿವಿಯಿಂದ ಕಿವಿಗೆ ಅಗಲವಾಗಿತ್ತು.

"ರೀ, ನಾವು ಒಪ್ಪಿದ್ದೀವಿ. ಹೊರಡೋಣ!" ಎಂದಳು ಹೆಂಡತಿ.

ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. "ಎಲ್ಲಿಗೆ?"

"ಆ ಊರಿಗೇ. ಆದ್ರೆ ಈ ಮನೆಗಲ್ಲ, ಪಕ್ಕದ ಮನೆಗೆ! ಇವಳು ಸುಮ್ನೆ ತಮಾಷೆಗೆ ಆ ಮನೆಗಳ ಉಸ್ತುವಾರಿ ನೋಡೋರಿಗೆ ಫೋನ್ ಮಾಡಿ, ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿದ್ಲು. ಖಾಲಿ ಇದೆಯಂತೆ! ಇದಕ್ಕಿಂತ ದೊಡ್ಡದಂತೆ. ನಿಮಗೆ ಮೊದಲು ತೋರಿಸಿದ್ದೇ ಅದನ್ನಂತೆ, ನೀವೇ ಗೇಟಿಂದ ದೂರ ಅಂತ ಬೇಡ ಅಂದ್ರಂತೆ."

"ನನಗೆ ಬೇರೆ ಕೋಣೆ!" ಎಂದಳು ಮಗಳು.

"ನನಗೆ ರಸ್ತೆ ಕಾಣೋ ಕಿಟಕಿ," ಎಂದರು ಅತ್ತೆ.

ನಾನು ತೊದಲಿದೆ. "ನಿನ್ನ ಡ್ರೈವಿಂಗ್ ಶಾಲೆ? ನಿನ್ನ ಶಿಷ್ಯರು?"

"ಈ ಊರಲ್ಲಿ ಇಷ್ಟು ವರ್ಷ ಕಲಿಸಿ ಕಲಿಸಿ, ಎದುರಿಗೆ ಅಡ್ಡಾದಿಡ್ಡಿ ಬರೋರೆಲ್ಲ ನನ್ನ ಶಿಷ್ಯರೇ ಆಗಿದ್ದಾರೆ. ರಸ್ತೆಗಿಳಿಯೋಕೆ ನನಗೇ ಭಯ! ಆ ಉಸ್ತುವಾರಿಯವರ ಹೆಂಡ್ತಿ ನನ್ನ ಹತ್ರ ಕಲೀತಾರಂತೆ, ಅವರ ತಂಗೀನೂ ಬರ್ತಾರಂತೆ. ನಾನು ಆ ಊರು ಬೇಡ ಅಂದಿದ್ನಾ? ಈ ಗೂಡು ಬೇಡ ಅಂದೆ. ನೀವು ಊರಿನ ಬಗ್ಗೆ ನನ್ನನ್ನ ಕೇಳಿದ್ದಾದ್ರೂ ಯಾವಾಗ? ಹೋಗ್ಲಿ, ಸಾಹೇಬರಿಗೆ ಫೋನ್ ಮಾಡಿ ಹೇಳಿಬಿಡಿ."

"ಹೇಳಿದೆ," ಎಂದೆ.

"ಬರ್ತೀವಿ ಅಂತಾನಾ?"

ನಾನು ಚಪ್ಪಲಿ ಸ್ಟ್ಯಾಂಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮಗಳು ನನ್ನ ಮುಖ ನೋಡಿ, "ಅಮ್ಮಾ, ಅಪ್ಪ ಇಂಗು ತಿಂದ ಮಂಗನ ಥರ ಕೂತಿದ್ದಾರೆ, ಏನೋ ಆಗಿದೆ" ಎಂದಳು. ಮಿಕ್ಕಿದ್ದನ್ನು ನಾನು ಬಾಯಿಬಿಡಬೇಕಾಗಿಯೇ ಬರಲಿಲ್ಲ. ಹೆಂಡತಿ ಗೆರೆ, ಗೋಡೆ, ಬಚ್ಚಲು ಎಲ್ಲವನ್ನೂ ತುಳಿದುಕೊಂಡು ನೇರ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಸಾಹೇಬರ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ, ತಾನು ಯಾರೆಂದು ಹೇಳಿದಳು.

"ಓ, ನೀವಾ ತಾಯಿ!" ಎಂದರು ಸಾಹೇಬರು ಗಾಬರಿಯಿಂದ. "ಹೇಗಿದ್ದೀರಿ? ಸ್ವಲ್ಪ ಗಂಜಿನಾದ್ರೂ ಕುಡೀರಿ. ನಿಮ್ಮನ್ನ ಬಲವಂತ ಮಾಡಲ್ಲ, ಯಜಮಾನರು ಎಲ್ಲಾ ಹೇಳಿದ್ರು."

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಸ ಚಾಲಕ ಗೇರು ಹಾಕುವ ಬದಲು ವೈಪರು ಹಾಕಿದಾಗ ಅವಳು ನೋಡುವುದು ಹಾಗೆಯೇ. ಆಮೇಲೆ ಅತ್ಯಂತ ವಿನಯದಿಂದ ಹೇಳಿದಳು:

"ನಾನು, ನಮ್ಮಮ್ಮ, ಮಗಳು, ಮೂವರಂತೂ ನಿಮ್ಮೂರಿಗೆ ಬರೋದು ಖಂಡಿತ ಸಾರ್. ಇವರೊಬ್ಬರನ್ನೇ ಇಲ್ಲಿ ಬಿಟ್ಟು ಬರೋಕೆ ಮನಸ್ಸು ಒಪ್ತಿಲ್ಲ. ನಿಮ್ಮಲ್ಲಿ ಇವರಿಗೆ ಏನಾದ್ರೂ ಒಂದು ಕೆಲಸ ಇದ್ರೆ ನೋಡ್ತೀರಾ?"