ಕುಸ್ತಿ ಕಣದಲ್ಲಿ ಕರಿಬಸಪ್ಪನ ಹಲ್ಲು

"ಹಳಿಯಾಳದ ಕುಸ್ತಿ ಪೈಲ್ವಾನರಿಲ್ಲದ ನಡದೀತು, ಈ ಕರಿಬಸಪ್ಪ ಇಲ್ಲದ ನಡೆಯಂಗಿಲ್ಲ!"

ಸಾಂಬ್ರಾಣಿಯ ಕರಿಬಸಪ್ಪ ಮೀಸೆ ತಿರುವಿ ಹೀಗೆ ಹೇಳುತ್ತಿದ್ದುದರಲ್ಲಿ ಸುಳ್ಳು ಸ್ವಲ್ಪವೇ. ಅವನು ಮೈಕು ಹಿಡಿದು ಜಟ್ಟಿಗಳ ಹೆಸರು ಕೂಗಿದರೆ ನೋಡುತ್ತ ಕುಳಿತ ಸಣಕಲರೂ ತೊಡೆ ತಟ್ಟುತ್ತಿದ್ದರು! ಆದರೆ ಎತ್ತಿನ ಹಗ್ಗದ ಗಂಟನ್ನು ಹಲ್ಲಿನಿಂದಲೇ ಬಿಚ್ಚುತ್ತೇನೆಂದು ಪಂಥ ಕಟ್ಟಿದ ದಿನ ಗಂಟು ಉಳಿಯಿತು, ಮುಂದಿನ ಹಲ್ಲು ಹೋಯಿತು.

ಅಲ್ಲಿಂದ 'ಸ' ಎಂದಾಗಲೆಲ್ಲ ಹಲ್ಲಿನ ಸಂದಿಯಿಂದ ಸೀಟಿ! ಮುಂದಿನ ಕುಸ್ತಿಯಲ್ಲಿ "ಸಭಿಕರೇ" ಎಂದದ್ದೇ ತಡ, ಪಂಚರೇ ಸೀಟಿ ಊದಿದರೆಂದು ತಿಳಿದು ಜಟ್ಟಿಗಳಿಬ್ಬರೂ ಹಿಡಿತ ಬಿಟ್ಟು ಎದ್ದು ನಿಂತರು.

"ಇನ್ನೊಮ್ಮೆ ಹಿಂಗಾದ್ರ ಮೈಕು ಬ್ಯಾರೆಯವರಿಗೆ ಕೊಡತೇವಿ," ಎಂದರು ಕಮಿಟಿಯವರು.

ಹೆಂಡತಿ ಶಾಂತಾದೇವಿ ಅವನನ್ನು ಎಳೆದೊಯ್ದು ಹಲ್ಲಿನ ಡಾಕ್ಟರ್ ಜ್ಯೋತಿಯವರ ಮುಂದೆ ಕೂರಿಸಿದಳು.

"ಬ್ರಿಡ್ಜ್ ಕೂಡ್ರಿಸೂಣ್ರಿ," ಎಂದರು ಡಾಕ್ಟರು. "ಆಜೂಬಾಜೂ ಹಲ್ಲು ತಿಕ್ಕಿ ಸಣ್ಣ ಮಾಡಿ, ಎರಡಕ್ಕೂ ಟೊಪ್ಪಿಗಿ ಹಾಕಿ, ನಡುವ ಹೊಸ ಹಲ್ಲು ಹಿಡಿಸಬಹುದು. ಒಂದ ಬಾಜೂ ಹಲ್ಲಿನ ಆಧಾರದ ಮ್ಯಾಲೂ ನಿಲ್ಲಿಸಬಹುದು. ತಿಕ್ಕೂದು ಬ್ಯಾಡಂದ್ರ ಹೊಸ ಹಲ್ಲಿಗೆ ರೆಕ್ಕಿ ಮಾಡಿ, ಆಜೂಬಾಜೂ ಹಲ್ಲಿಗೆ ಹಿಂದಿನಿಂದ ಅಂಟಿಸೂದೈತಿ. ಇಲ್ಲಾ, ಎಲುಬಿಗೆ ಸ್ಕ್ರೂ ಕೂಡ್ರಿಸಿ..."

'ಸ್ಕ್ರೂ' ಕೇಳಿದ್ದೇ ಕುಸ್ತಿಯ ಸಿಂಹ ಬೆಕ್ಕಿನ ಮರಿಯಾಯಿತು. "ರೆಕ್ಕೀದ ಇರಲ್ರಿ!"

"ಗಟ್ಟಿದ್ದು ಕಚ್ಚಂಗಿಲ್ಲ ಮತ್ತ."

"ಕಚ್ಚೂದು ಇವತ್ತಿಗೇ ಬಿಟ್ಟೆ ತಗೋರಿ!"

ಬಿಟ್ಟದ್ದು ಮತ್ತೊಂದು ಕುಸ್ತಿಯ ಬೆಳಗಿನ ತನಕ. ಹೊಲದಲ್ಲಿ ರಸ ತುಂಬಿದ ಕಬ್ಬು ಕಂಡಿತು. ಕೈ ಮುರಿಯಿತು, ಹಲ್ಲು ಸಿಪ್ಪೆ ಸುಲಿಯಿತು. ಸಂಜೆ ಕಣದಲ್ಲಿ ಜಟ್ಟಿ ಕುಬೇರ ಎದುರಾಳಿಯನ್ನು ತಲೆಯ ಮೇಲೆತ್ತಿದ.

"ಎತ್ತಿದಾ ನೋಡ್ರಿ ಕುಬೇರ! ಎಸ್ಸೆ..."

ಎಸೆದದ್ದು ಕುಬೇರನಲ್ಲ, ಕರಿಬಸಪ್ಪ! ಹಲ್ಲು ರೆಕ್ಕೆ ಸಮೇತ ಹಾರಿ ಕೆಂಪು ಮಣ್ಣಿಗೆ ಬಿತ್ತು. ಹಿಂದೆಯೇ ಉದ್ದನೆಯ ಸೀಟಿ! ಕುಬೇರ ಎದುರಾಳಿಯನ್ನು ಮಗುವಿನಂತೆ ಮೆಲ್ಲಗೆ ಕೆಳಗಿಳಿಸಿ ಕೈಕಟ್ಟಿ ನಿಂತ. ಮಣ್ಣನ್ನೆಲ್ಲ ಜರಡಿ ಹಿಡಿದರೂ ಹಲ್ಲು ಸಿಗಲಿಲ್ಲ.

"ಇದೊಂದ ಸಲ ಮೈಕು ಕೊಡ್ರಿ," ಎಂದು ಕಮಿಟಿಯ ಕಾಲು ಹಿಡಿದು, ಕರಿಬಸಪ್ಪ ತಾನೇ ದವಾಖಾನೆಗೆ ಓಡಿದ. "ತಿಕ್ಕಿ ಬಿಡ್ರಿ, ಡಾಕ್ಟರ!"

ಅವರು ತಿಕ್ಕಿದರು. ಅಕ್ಕಪಕ್ಕದ ಹಲ್ಲುಗಳು ಟೊಪ್ಪಿಗೆ ತೊಟ್ಟು, ನಡುವಿನ ಹೊಸ ಹಲ್ಲನ್ನು ಬೀಗರ ಹಾಗೆ ಬಿಗಿಯಾಗಿ ಹಿಡಿದುಕೊಂಡವು.

ಮತ್ತೆ ಕುಸ್ತಿ ಬಂತು. ಮೈಕು ಹಿಡಿದು ಕರಿಬಸಪ್ಪ ಗುಡುಗಿದ: "ಸಾಂಬ್ರಾಣಿ ಸೀಮೆಯ ಸಮಸ್ತ ಸಭಿಕರೇ, ಸರದಾರರೇ!"

ಅವನ ಬಾಯಿಂದ ಒಂದೂ ಸೀಟಿ ಹೊರಡಲಿಲ್ಲ. ಸೀಟಿ ಹೊಡೆದದ್ದು ಈ ಸಲ ಜನ! ಕಡೆಯ ಕುಸ್ತಿಯಲ್ಲಿ ಕುಬೇರನೂ ರುದ್ರೇಶನೂ ಎಲ್ಲೂ ನಿಲ್ಲದೆ ಸೆಣಸಿದರು. ಒಬ್ಬ ಚಿತ್ತಾದದ್ದೇ ಕರಿಬಸಪ್ಪ ಎದೆಯುಬ್ಬಿಸಿ ಗೆದ್ದವನ ಹೆಸರು ಸಾರಿದ. ಜನ ಎದ್ದು ನಿಂತು ಕೇಕೆ ಹಾಕಿದ್ದೇ ಹಾಕಿದ್ದು!

ಅವನು ಬೀಗುತ್ತ ಕೆಳಗಿಳಿದು ಹೆಂಡತಿಯನ್ನು ಕೇಳಿದ: "ಹೆಂಗಿತ್ತು ನನ್ನ ದನಿ?"

"ಒಂದೊಂದು ಅಕ್ಷರ ಮುತ್ತಿನಂಗ ಇತ್ತು ನೋಡ್ರಿ," ಎಂದಳು ಶಾಂತಾದೇವಿ. "ಮೊದಲಾಗಿದ್ರ ಸೀಟಿಯೊಳಗ ಮುಚ್ಚಿಹೋಗತಿತ್ತು. ಈಗ ಗೆದ್ದ ರುದ್ರೇಶನ ಬಿಟ್ಟು ಬಿದ್ದ ಕುಬೇರನ ಹೆಸರು ನೀವು ಕೂಗಿದ್ದು ದಾಂಡೇಲಿ ತನಕ ಸ್ವಚ್ಛ ಕೇಳೇತಿ!"